ನಮ್ಮ ಮಕ್ಕಳು ಶಟರ್ ಎಳೆದುಕೊಂಡು ಯಾಕೆ ಹಾಡಬೇಕು?

2024ರ ಮೇ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ ಗಂಟೆಗೆ, ನನ್ನ ಮಗ ಮನೆಗೆ ಬಂದ. ಅಂಗಿಯೆಲ್ಲ ಮಸಿ, ಮೈಯಿಂದ ಸುಟ್ಟ ಹತ್ತಿಯ ವಾಸನೆ. ಜವಳಿ ವ್ಯಾಪಾರದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಆ ವಾಸನೆ ಗೊತ್ತಾಗದೇ ಇರುವುದಿಲ್ಲ. ನಾನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ: "ಅಲ್ಲಿ ಎಂತ ಮಾಡ್ತಾ ಇದ್ದೆ ನೀನು?"

ಅವನು ಉತ್ತರ ಕೊಡಲಿಲ್ಲ. ನಾನು ಮತ್ತೆ ಕೇಳಿದೆ, ಜೋರಾಗಿ ಕೇಳಿದೆ. ಆಗ ಒಳಗಿನಿಂದ ಬಂದ ನನ್ನ ಹೆಂಡತಿ ಒಂದು ಮಾತೂ ಆಡದೆ ಅವನ ಬಲಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ನಾನು ಹತ್ತು ನಿಮಿಷದಿಂದ ಅವನ ಎದುರು ನಿಂತು ಬೈಯುತ್ತಿದ್ದೆ, ಕೈಯನ್ನು ನೋಡಿರಲಿಲ್ಲ.

ಈ ಲೇಖನ ಆ ಹತ್ತು ನಿಮಿಷದ ಬಗ್ಗೆ. ನಾನು ಲೇಖಕನಲ್ಲ, ಬಟ್ಟೆ ವ್ಯಾಪಾರಿ. ಆದರೆ ನಮ್ಮ ಬ್ಯಾರಿ ಮನೆಗಳಲ್ಲಿ ಈ ವಿಷಯವನ್ನು ಯಾರಾದರೂ ಎತ್ತಲೇಬೇಕು ಅಂತ ಅನಿಸಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಮ್ಮದು ಬಂಟ್ವಾಳ ಕಡೆ. ಮಂಗಳೂರು, ಕಾಸರಗೋಡು ಕಡೆಯ ಅಂಗಡಿಗಳಿಗೆ ಬಟ್ಟೆ ಕಳಿಸುವ ಕೆಲಸಕ್ಕೆ ಇಚಲಕರಂಜಿಗೆ ಬಂದು ಇಲ್ಲೇ ಉಳಿದವನು. ಕೊಲ್ಹಾಪುರ ಜಿಲ್ಲೆಯ ಈ ಊರು ಪಂಚಗಂಗಾ ನದಿಯ ದಡದಲ್ಲಿದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರಂತೆ. ಈಗ ಊರಿಗೆ ಊರೇ ಮಗ್ಗ. ಬೆಳಿಗ್ಗೆ, ರಾತ್ರಿ ಎರಡೂ ಪಾಳಿಯಲ್ಲಿ ಶಟಲ್ ಬಡಿಯುವ ಸದ್ದು. ಹೊಸದಾಗಿ ಬಂದ ನೆಂಟರಿಗೆ ಮೊದಲ ರಾತ್ರಿ ನಿದ್ರೆ ಬರುವುದಿಲ್ಲ. ನಮಗಾದರೋ ಕರೆಂಟ್ ಹೋಗಿ ಸದ್ದು ನಿಂತರೆ ಎಚ್ಚರ ಆಗುತ್ತದೆ.

ಆ ಸದ್ದೇ ಹುಡುಗರಿಗೆ ಅನುಕೂಲ ಆಗಿದ್ದು. ಪೇಟೆಯ ಅಂಚಿನಲ್ಲಿ ಒಂದು ಹಳೆಯ ಶೆಡ್. ವ್ಯಾಪಾರ ಬಿದ್ದುಹೋದಾಗ ಮಾಲೀಕ ಮಗ್ಗಗಳನ್ನು ಗುಜರಿಗೆ ತೂಕಕ್ಕೆ ಮಾರಿದ್ದ. ಖಾಲಿ ಶೆಡ್ಡಿನ ಕೀಲಿ ಅವನ ಹಳೆಯ ಜಾಬರ್ ಹತ್ತಿರ ಉಳಿಯಿತು. ಜಾಬರ್ ಅಂದರೆ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ. ಈ ಮನುಷ್ಯ ಗಡಹಿಂಗ್ಲಜ ಕಡೆಯ ಕನ್ನಡದವ, ಹಾರ್ಮೋನಿಯಂ ನುಡಿಸುತ್ತಾನೆ, ಭಜನೆ ಹಾಡುತ್ತಾನೆ. ಮೊದಲು ಅವನು ಒಬ್ಬನೇ ಅಲ್ಲಿ ಕೂತು ನುಡಿಸುತ್ತಿದ್ದನಂತೆ. ಆಮೇಲೆ ಉತ್ತರ ಪ್ರದೇಶದಿಂದ ಮಗ್ಗಕ್ಕೆ ಬಂದ ಇಬ್ಬರು ಹುಡುಗರು ಕವ್ವಾಲಿ ಹಾಡಲು ಸೇರಿಕೊಂಡರು. ಆಮೇಲೆ ಕಾಲೇಜಿನ ಹುಡುಗರು ಗಿಟಾರ್ ತಂದರು. ಒಬ್ಬ ಮರಾಠಿಯಲ್ಲಿ ರ‍್ಯಾಪ್ ಹೇಳುವವ, ಒಬ್ಬ ಡ್ರಮ್ ಬಾರಿಸುವವ. ನನ್ನ ಮಗ ಗಿಟಾರಿನವನು.

ಗೋಡೆಗೆ ಚಿಂಧಿಯ ಮೂಟೆಗಳನ್ನು, ಅಂದರೆ ತುಂಡು ಬಟ್ಟೆಯ ಮೂಟೆಗಳನ್ನು, ಒಂದರ ಮೇಲೊಂದು ಇಟ್ಟಿದ್ದರು. ಹಾಗೆ ಮಾಡಿದರೆ ಸದ್ದು ಹೊರಗೆ ಹೋಗುವುದಿಲ್ಲ, ಒಳಗೆ ಮಾರ್ದನಿಯೂ ಬರುವುದಿಲ್ಲ. ಪಕ್ಕದ ಶೆಡ್ಡಿನಲ್ಲಿ ಮಗ್ಗ ಬಡಿಯುವವರೆಗೆ ಇಲ್ಲಿ ಯಾರು ಏನು ಬಾರಿಸಿದರೂ ರಸ್ತೆಯವರಿಗೆ ತಿಳಿಯದು. ಶಟರ್ ಎಳೆದರೆ ಮುಗಿಯಿತು. ವಾರಕ್ಕೆ ಎರಡು ರಾತ್ರಿ ಸೇರುತ್ತಿದ್ದರು. ಕೇಳಲು ಇಪ್ಪತ್ತು, ಮೂವತ್ತು ಜನ ಬರುತ್ತಿದ್ದರಂತೆ. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ, ಹೆಸರೂ ಇಲ್ಲ. ದೊಡ್ಡ ನಗರಗಳಲ್ಲಿ ಇಂಥದ್ದನ್ನು 'ಅಂಡರ್‌ಗ್ರೌಂಡ್' ಅನ್ನುತ್ತಾರೆ ಅಂತ ಮಗ ಹೇಳಿದ ಮೇಲೆ ನನಗೆ ಗೊತ್ತಾಯಿತು. ನಮಗೆ ಅವನು ಹೇಳುತ್ತಿದ್ದದ್ದು 'ಗ್ರೂಪ್ ಸ್ಟಡಿ'.

ಆ ರಾತ್ರಿ ಆದದ್ದು ಇಷ್ಟು. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಆಂಪ್ಲಿಫೈಯರ್, ಎರಡು ಫ್ಯಾನ್, ಒಂದು ಕೂಲರ್ ಸಿಕ್ಕಿಸಿದ್ದರು. ಬೋರ್ಡ್ ಕಾದು ಕಿಡಿ ಹಾರಿತು. ಕೆಳಗೆ ವರ್ಷಗಳಿಂದ ಗುಡಿಸದ ಹತ್ತಿಯ ಧೂಳು. ಮಗ್ಗದ ಶೆಡ್ ನೋಡಿದವರಿಗೆ ಗೊತ್ತು, ಆ ಧೂಳಿಗೆ ಬೆಂಕಿ ತಗುಲಿದರೆ ಅದು ನೆಲದ ಮೇಲೆ ಓಡುತ್ತದೆ. ಓಡಿ ಮೊದಲ ಮೂಟೆಗೆ ಹತ್ತಿತು. ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು, ಆ ಶಟರ್. ದಿನಾ ಪೂರ್ತಿ ಎಳೆದಿರುತ್ತಿದ್ದ ಶಟರನ್ನು ಆ ದಿನ ಸೆಕೆ ತಾಳಲಾರದೆ ಅರ್ಧ ಎತ್ತಿಟ್ಟಿದ್ದರು. ಜಾಬರ್ ಮೊದಲು ಮೇನ್ ಆಫ್ ಮಾಡಿದ. ಕತ್ತಲಲ್ಲಿ ಎಲ್ಲರೂ ಬಗ್ಗಿ ಹೊರಗೆ ಬಂದರು. ನನ್ನ ಮಗ ಉರಿಯುವ ಮೂಟೆಯನ್ನು ಕೈಯಲ್ಲಿ ಎಳೆದು ಹೊರಗೆ ಹಾಕಲು ಹೋದ. ನಾಲ್ಕು ಬಕೆಟ್ ನೀರು, ಎರಡು ಚೀಲ ಮರಳು, ಅಷ್ಟರಲ್ಲಿ ಮುಗಿಯಿತು. ಅಲ್ಹಮ್ದುಲಿಲ್ಲಾಹ್, ಯಾರಿಗೂ ಜೀವಕ್ಕೆ ಅಪಾಯ ಆಗಲಿಲ್ಲ. ಮಾಲೀಕ ಮರುದಿನವೇ ಬೀಗ ಹಾಕಿದ.

ಬೀಗ ಬಿತ್ತಲ್ಲ, ಒಳ್ಳೆಯದೇ ಆಯಿತು ಅಂತ ನಾನು ಅಂದುಕೊಂಡೆ. ಗಿಟಾರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಊರಿಗೆ ಫೋನ್ ಮಾಡುವಾಗ ಯಾರಿಗೂ ಈ ವಿಷಯ ಹೇಳಬಾರದು ಅಂತ ಮನೆಯಲ್ಲಿ ತಾಕೀತು ಮಾಡಿದೆ. ಮಗಳಿಗೆ ಆಗ ಉಳ್ಳಾಲದಿಂದ ಒಂದು ಸಂಬಂಧ ಬರುತ್ತಿತ್ತು. 'ಅವಳ ತಮ್ಮ ರಾತ್ರಿ ಹೊತ್ತು ಶೆಡ್ಡಿನಲ್ಲಿ ಬ್ಯಾಂಡ್ ಬಾರಿಸುತ್ತಾನೆ' ಅಂತ ಒಂದು ಮಾತು ಹೋದರೆ ಸಾಕು. ನನ್ನ ಹೆದರಿಕೆ ನಿಮಗೆ ಅರ್ಥ ಆಗುತ್ತದೆ.

ಮೂರು ತಿಂಗಳು ಅಪ್ಪ ಮಗನ ನಡುವೆ ಮಾತು 'ಹೂಂ', 'ಉಹೂಂ' ಅಷ್ಟೇ ಇತ್ತು.

ಆಗಸ್ಟ್ 8ರ ರಾತ್ರಿ ಕೊಲ್ಹಾಪುರದಲ್ಲಿ ಕೇಶವರಾವ್ ಭೋಸಲೆ ನಾಟ್ಯಗೃಹಕ್ಕೆ ಬೆಂಕಿ ಬಿತ್ತು. ಟಿವಿಯಲ್ಲಿ ನೀವೂ ನೋಡಿರಬಹುದು. ಶಾಹು ಮಹಾರಾಜರು ಕಟ್ಟಿಸಿದ ರಂಗಮಂದಿರ, 1915ರಲ್ಲಿ ಪ್ಯಾಲೇಸ್ ಥಿಯೇಟರ್ ಅಂತ ಶುರುವಾದದ್ದು. ಆಮೇಲೆ ಮರಾಠಿ ಸಂಗೀತ ನಾಟಕದ ದೊಡ್ಡ ಗಾಯಕ ನಟ ಕೇಶವರಾವ್ ಭೋಸಲೆಯವರ ಹೆಸರು ಇಟ್ಟರು. ಈ ಕೇಶವರಾವ್ ತಮ್ಮ 'ಲಲಿತಕಲಾದರ್ಶ' ನಾಟಕ ಮಂಡಳಿಯನ್ನು 1908ರಲ್ಲಿ ಶುರು ಮಾಡಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಅವರ ಜನ್ಮದಿನ ಆಗಸ್ಟ್ 9. ಅದರ ಹಿಂದಿನ ರಾತ್ರಿಯೇ ಮಂದಿರ ಸುಟ್ಟಿತು.

ಎರಡು ದಿನ ಬಿಟ್ಟು ಕೆಲಸದ ಮೇಲೆ ಕೊಲ್ಹಾಪುರಕ್ಕೆ ಹೋಗಿದ್ದೆ. ಮಗನ ಕಾಲೇಜು ಅಲ್ಲೇ. ಮನೆಗೆ ಒಟ್ಟಿಗೆ ಹೋಗೋಣ ಅಂತ ಕರೆದೆ. ಅವನು "ಒಮ್ಮೆ ನಾಟ್ಯಗೃಹ ನೋಡಿ ಹೋಗುವನಾ?" ಅಂದ. ಹೋದೆವು. ಗೋಡೆ ನಿಂತಿತ್ತು, ಮಾಡು ಇರಲಿಲ್ಲ. ಹೊರಗೆ ಜನ. ನನ್ನ ಪ್ರಾಯದ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕಮ್ಮ ಗೇಟಿನ ಕಂಬಿ ಹಿಡಿದು ನಿಂತಿದ್ದರು. ಮರಳಿ ಕಟ್ಟಲು ಸರ್ಕಾರ ಆಗಲೇ ಹಣ ಘೋಷಿಸಿತ್ತು.

ಮಗ ತುಂಬ ಹೊತ್ತು ನೋಡಿ, ಬ್ಯಾರಿಯಲ್ಲೇ, ಮೆಲ್ಲಗೆ ಹೇಳಿದ: "ಬಾಪ, ಒಳಗೆ ಎಂತ ಮಾಡ್ತಾ ಇದ್ದರು ಅಂತ ಇಲ್ಲಿ ಯಾರೂ ಕೇಳುವುದಿಲ್ಲ ನೋಡಿ."

ನನಗೆ ಆ ಮಾತಿಗೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎರಡೂ ಕಡೆ ಇದ್ದದ್ದು ಹಾಡು. ಎರಡೂ ಕಡೆ ಬಿದ್ದದ್ದು ಬೆಂಕಿ. ಒಂದು ಸುಟ್ಟಾಗ ಊರು ಅತ್ತಿತು. ಇನ್ನೊಂದು ಸುಟ್ಟಾಗ ಸ್ವಂತ ಅಪ್ಪ ಬಾಗಿಲಲ್ಲಿ ನಿಂತು ಲೆಕ್ಕ ಕೇಳಿದ.

ಆಮೇಲೆ ನಾನು ಸ್ವಲ್ಪ ಓದಿದೆ, ಕೇಳಿದೆ, ಕೆಲವು ಕಡೆ ಹೋಗಿ ಬಂದೆ. ಇಪ್ಪತ್ತು ವರ್ಷ ಈ ಜಿಲ್ಲೆಯಲ್ಲಿದ್ದು ನನಗೆ ಗೊತ್ತಿಲ್ಲದ ಸಂಗತಿಗಳು ಎಷ್ಟಿದ್ದವು ಅಂತ ನಾಚಿಕೆ ಆಯಿತು.

ಕೊಲ್ಹಾಪುರದಲ್ಲಿ ಗಾಯನ ಸಮಾಜ ದೇವಲ್ ಕ್ಲಬ್ ಅಂತ ಇದೆ. 1883ರದ್ದು. ಶಾಹು ಮಹಾರಾಜರ ಆಸ್ಥಾನದಲ್ಲಿ ಹಾಡುತ್ತಿದ್ದವರು ಉಸ್ತಾದ್ ಅಲ್ಲಾದಿಯಾ ಖಾನ್. ಜೈಪುರ ಅತ್ರೌಲಿ ಘರಾಣೆಯನ್ನು ಕಟ್ಟಿದವರು. ರಾಜಸ್ಥಾನದಿಂದ ಬಂದ ಈ ಮುಸ್ಲಿಂ ಗಾಯಕನಿಗೆ ಕೊಲ್ಹಾಪುರ ಊರು ಕೊಟ್ಟಿತು, ಕೆಲಸ ಕೊಟ್ಟಿತು. ಅವರ ಶಿಷ್ಯೆ ಕೇಸರ್‌ಬಾಯಿ ಕೇರ್ಕರ್ ಅವರ ದನಿ 1977ರಲ್ಲಿ ಅಮೆರಿಕದವರು ಆಕಾಶಕ್ಕೆ ಬಿಟ್ಟ ವಾಯೇಜರ್ ನೌಕೆಯ ತಟ್ಟೆಯಲ್ಲಿ ಸೇರಿ, ಇವತ್ತಿಗೂ ನಕ್ಷತ್ರಗಳ ಕಡೆ ಹೋಗುತ್ತಿದೆ. ಖಾನ್ ಸಾಹೇಬರ ಮಕ್ಕಳು ಮಂಜಿ ಖಾನ್ ಮತ್ತು ಭುರ್ಜಿ ಖಾನ್. ಇವರಿಬ್ಬರಿಂದ ಕಲಿತವರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಮನ್ಸೂರರ ಸಂಗೀತದ ಬಗ್ಗೆ ಕನ್ನಡಿಗರು ಹೆಮ್ಮೆ ಪಡುತ್ತೇವೆ. ಅದು ಒಂದು ಮುಸ್ಲಿಂ ಮನೆಯಿಂದ ಅವರಿಗೆ ಬಂದ ಆಸ್ತಿ ಅಂತ ನನ್ನ ಮಗನಿಗೆ ನಾನು ಒಂದು ದಿನವೂ ಹೇಳಿರಲಿಲ್ಲ. ನನಗೇ ಗೊತ್ತಿದ್ದರಲ್ಲವೇ ಹೇಳುವುದು.

ಇನ್ನು ಇಚಲಕರಂಜಿ. ಗ್ವಾಲಿಯರ್ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಈ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಇಚಲಕರಂಜೀಕರ್ ಆದರು. 1849ರಿಂದ 1926ರವರೆಗೆ ಬದುಕಿದ್ದವರು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, ಯಾರು ಬೇಕಾದರೂ ಫೀಸು ಕಟ್ಟಿ ಕಲಿಯಬಹುದಾದ ಸಂಗೀತ ಶಾಲೆ. ಅದಾಗಿ ಮೂರೇ ವರ್ಷಕ್ಕೆ ಇಲ್ಲಿ ಮೊದಲ ಪವರ್‌ಲೂಮ್ ಬಂದದ್ದು. ಅಂದರೆ ಬುವಾ ಬದುಕಿದ್ದ ಕಾಲದಲ್ಲೇ ಅವರ ಊರಿನಲ್ಲಿ ಮಗ್ಗದ ಸದ್ದು ಶುರುವಾಗಿತ್ತು. ಪಕ್ಕದ ಮೀರಜಿನಲ್ಲಿ ಸಿತಾರ್, ತಂಬೂರಿ ಮಾಡುವವರೂ ಮುಸ್ಲಿಂ ಮನೆತನದವರೇ. ಹಿಂದೆ ಆಯುಧ ಹರಿತ ಮಾಡುತ್ತಿದ್ದ ಶಿಕಲಗಾರರು. 2024ರಲ್ಲಿ ಆ ಸಿತಾರ್‌ಗೆ, ತಂಬೂರಿಗೆ ಜಿಐ ಮಾನ್ಯತೆ ಸಿಕ್ಕಿತು.

ಇದನ್ನೆಲ್ಲ ಹೇಳಿದ್ದು ಹೆಮ್ಮೆ ಪಡಲಿಕ್ಕಲ್ಲ. ಒಂದು ವಿಷಯ ಗಮನಿಸಲಿಕ್ಕೆ. ಅಲ್ಲಾದಿಯಾ ಖಾನರ ಹಾಡಿಗೆ ಒಂದು ಮಾಡು ಇತ್ತು. ಮಹಾರಾಜರು ಕೊಟ್ಟ ಮಾಡು, ಕ್ಲಬ್ಬಿನವರು ಕೊಟ್ಟ ಮಾಡು. ಹಿರಿಯರು ಎದುರು ಕೂತು ಕೇಳುತ್ತಿದ್ದರು, ತಪ್ಪಿದರೆ ತಲೆ ಅಲ್ಲಾಡಿಸುತ್ತಿದ್ದರು. ಯಾರ ಬೆಂಬಲ ಇದೆಯೋ ಅವನ ಹಾಡು ಬೆಳಕಿನಲ್ಲಿ ನಡೆಯುತ್ತದೆ. ಬೆಂಬಲ ಇಲ್ಲದವನದ್ದು ಚಾಳಿನ ಹಿತ್ತಲಲ್ಲಿ, ಗಿರಣಿಯ ಗೇಟಿನಲ್ಲಿ, ಶೆಡ್ಡಿನ ಒಳಗೆ ನಡೆಯುತ್ತದೆ.

ಶಾಹೀರ್ ಅಮರ್ ಶೇಖ್ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ನಿಜವಾದ ಹೆಸರು ಮೆಹಬೂಬ್ ಹುಸೇನ್ ಪಟೇಲ್, ಸೋಲಾಪುರ ಜಿಲ್ಲೆಯ ಬಾರ್ಶಿಯವರು, 1916ರಲ್ಲಿ ಹುಟ್ಟಿದವರು. ಗಿರಣಿ ಕಾರ್ಮಿಕ. ಅಣ್ಣಾಭಾವು ಸಾಠೆಯವರ ಜೊತೆ ಸೇರಿ ಕೆಂಬಾವುಟದ ಕಲಾತಂಡ ಕಟ್ಟಿ ಮುಂಬಯಿಯ ಗಿರಣಿಗಳ ಬೀದಿಗಳಲ್ಲಿ ಹಾಡಿದವರು. ಆ ಕಾಲದಲ್ಲಿ ಸರ್ಕಾರ ಇಂಥ ತಂಡಗಳ ತಮಾಷಾಗಳಿಗೆ ನಿಷೇಧ ಹಾಕಿತ್ತು. ಮುಂದೆ ಅವರು ಸಂಯುಕ್ತ ಮಹಾರಾಷ್ಟ್ರ ಚಳವಳಿಗೂ ಹಾಡಿದರು. ಆ ಚಳವಳಿ ಬೆಳಗಾವಿಯನ್ನೂ ಕೇಳುತ್ತಿತ್ತು, ಹಾಗಾಗಿ ಕನ್ನಡಿಗನಾದ ನನಗೆ ಆ ಭಾಗ ಸ್ವಲ್ಪ ಚುಚ್ಚುತ್ತದೆ. ಅದು ಇರಲಿ. ಒಬ್ಬ ಮುಸ್ಲಿಂ ಗಿರಣಿ ಕೂಲಿ ತನ್ನ ಗಂಟಲಿನಿಂದಲೇ ಒಂದು ರಾಜ್ಯಕ್ಕೆ ಪರಿಚಯವಾದ. ನನ್ನ ಮಗನ ಶೆಡ್ಡಿನ ಹುಡುಗರು ಅವರ ಮಟ್ಟದವರು ಅಂತ ನಾನು ಹೇಳುವುದಿಲ್ಲ. ಆದರೆ ಅದೇ ಜಾತಿಯ ಜಾಗದಲ್ಲಿ ಹಾಡುವವರು.

ಈಗ ನಮ್ಮ ಕಡೆ ಬರುತ್ತೇನೆ. ನಾವು ಬ್ಯಾರಿಗಳು ಹಾಡಿಲ್ಲದ ಜನ ಅಲ್ಲ. ನನ್ನ ಉಮ್ಮನ ಕಾಲದಲ್ಲಿ ಮದುವೆಯ ಹಿಂದಿನ ರಾತ್ರಿ ಮೈಲಾಂಜಿ ಹಚ್ಚುವಾಗ ಹೆಂಗಸರು ಸುತ್ತ ಕೂತು ಪಾಟ್ ಹೇಳುತ್ತಿದ್ದರು. ಒಬ್ಬರು ಎತ್ತಿಕೊಟ್ಟರೆ ಉಳಿದವರು ಕೈ ತಟ್ಟಿ ಹಿಂದೆ ಹೇಳುತ್ತಿದ್ದರು. ಗಂಡಸರ ಕಡೆ ದಫ್ಫ್ ಇತ್ತು. ಈಗ ನಮ್ಮ ಮದುವೆಗಳಲ್ಲಿ ಒಂದೋ ಕಿವಿ ಕಿತ್ತುಹೋಗುವ ಸ್ಪೀಕರ್, ಇಲ್ಲದಿದ್ದರೆ ಪೂರ್ತಿ ಮೌನ. ನಡುವೆ ಇದ್ದದ್ದು, ಸ್ವಂತ ಗಂಟಲಿನ ಹಾಡು, ಕಾಣುವುದು ಅಪರೂಪ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಅದರಿಂದ ಭಾಷೆಗೆ ಮರ್ಯಾದೆ ಬಂತು. ಆದರೆ ಅಕಾಡೆಮಿ ನಮ್ಮ ಮನೆಯ ಜಗಲಿಗೆ ಬಂದು ಕೂರಲು ಆಗುವುದಿಲ್ಲ. ಆ ಕೆಲಸ ನಮ್ಮದು.

"ಸಂಗೀತ ನಮಗೆ ಸರಿಯಾ?" ಅಂತ ಕೇಳುವವರು ಇದ್ದಾರೆ. ನನ್ನ ಸ್ವಂತ ಭಾವನೇ ಕೇಳಿದ. ಈ ವಿಷಯದಲ್ಲಿ ಆಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಬಟ್ಟೆ ಅಳೆಯುವ ನಾನು ಅದಕ್ಕೆ ತೀರ್ಪು ಹೇಳಲಾರೆ. ವಾದ್ಯ ಬೇಡ ಅನ್ನುವ ಮನೆ ವಾದ್ಯ ಬಿಡಲಿ, ದಫ್ಫ್ ಸಾಕು ಅನ್ನುವವರು ಅಷ್ಟಕ್ಕೆ ನಿಲ್ಲಲಿ. ನಾನು ಕೇಳುವುದು ಬೇರೆ ಪ್ರಶ್ನೆ. ಮಗ ಹಾಡುವುದನ್ನು ನಿಮ್ಮ ಮನೆಯಲ್ಲಿ ನಿಲ್ಲಿಸಬಹುದು. ಮನೆಯ ಹೊರಗೆ, ರಾತ್ರಿ ಹತ್ತಕ್ಕೆ, ಶಟರಿನ ಹಿಂದೆ? ಯಾವ ಹಾಡು ಒಳ್ಳೆಯದು, ಯಾವ ಮಾತು ಬಾಯಲ್ಲಿ ಬರಬಾರದು ಅಂತ ಹಿರಿಯ ಹೇಳಬೇಕಾದರೆ ಹಿರಿಯ ಅಲ್ಲಿ ಕೂತಿರಬೇಕಲ್ಲ? ನಾವು ಬಾಗಿಲು ಹಾಕಿದಾಗ ಹಾಡು ನಿಲ್ಲಲಿಲ್ಲ. ನಾವು ಅಲ್ಲಿ ಇಲ್ಲದಂತಾಯಿತು, ಅಷ್ಟೇ.

ಗಾಂಜಾ, ಸಿಗರೇಟು, ಕೆಟ್ಟ ಸಹವಾಸ ಅಂತ ಇನ್ನೊಂದು ಭಯ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಕರಾವಳಿಯಲ್ಲಿ ಎಷ್ಟು ಮನೆಗಳಿಗೆ ಆ ಬೆಂಕಿ ಹತ್ತಿದೆ ಅಂತ ನಿಮಗೂ ಗೊತ್ತು. ಆ ಶೆಡ್ಡಿನ ಮೂಲೆಯಲ್ಲಿ ಸಿಗರೇಟಿನ ತುಂಡುಗಳನ್ನು ನಾನೇ ನೋಡಿದೆ, ಹತ್ತಿಯ ಧೂಳಿನ ನಡುವೆ! ಆದರೆ ಇದು ನನ್ನ ವಾದಕ್ಕೆ ಇನ್ನೊಂದು ಕಾರಣ. ಕದ್ದು ಸೇರುವ ಜಾಗದಲ್ಲಿ ಕದ್ದು ಮಾಡುವ ಎಲ್ಲದಕ್ಕೂ ಜಾಗ ಇರುತ್ತದೆ.

ಓದು ಹಾಳಾಗುತ್ತದೆ ಅನ್ನುವುದೂ ಇದೆ. ನನ್ನ ಮಗನಿಗೆ ಆ ವರ್ಷ ಎರಡು ಸಬ್ಜೆಕ್ಟ್ ಬ್ಯಾಕ್ ಉಳಿಯಿತು. ಅದನ್ನು ಮುಚ್ಚಿಡುವುದಿಲ್ಲ. ಗಿಟಾರಿಗೆ ಬೀಗ ಹಾಕಿದ ಮೇಲಿನ ಸೆಮಿಸ್ಟರಿನಲ್ಲಿ ಮೂರು ಉಳಿಯಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ದೂರದ ಒಂದು ಸಂಗತಿ ಹೇಳುತ್ತೇನೆ. ಅಮೆರಿಕದ ಓಕ್ಲೆಂಡ್ ಎಂಬ ಊರಿನಲ್ಲಿ 2016ರ ಡಿಸೆಂಬರ್ 2ರ ರಾತ್ರಿ, 'ಘೋಸ್ಟ್ ಶಿಪ್' ಎಂದು ಕರೆಯುತ್ತಿದ್ದ ಹಳೆಯ ಗೋದಾಮಿನಲ್ಲಿ ಸಂಗೀತ ನಡೆಯುತ್ತಿರುವಾಗ ಬೆಂಕಿ ಬಿದ್ದು 36 ಜನ ಸತ್ತರು. ಹೆಚ್ಚಿನವರು ಹರೆಯದವರು. ಗೋದಾಮನ್ನು ವಾಸಕ್ಕೂ ಸಂಗೀತಕ್ಕೂ ಬಳಸಲು ಪರವಾನಗಿ ಇರಲಿಲ್ಲ, ಬೆಂಕಿ ನಂದಿಸುವ ವ್ಯವಸ್ಥೆ ಇರಲಿಲ್ಲ, ಮೇಲಿನಿಂದ ಇಳಿಯುವ ಒಂದು ಮೆಟ್ಟಿಲನ್ನು ಹಳೆಯ ಮರದ ಪ್ಯಾಲೆಟ್‌ಗಳಿಂದ ಕಟ್ಟಿದ್ದರಂತೆ. ನನ್ನ ಮಗ ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ನಾನು ಆ ಫೋಟೋದಲ್ಲಿ ನಮ್ಮ ಶೆಡ್ಡನ್ನೇ ಕಂಡೆ. ಆ ಬೆಂಕಿಯ ನಂತರ ಬೇರೆ ಊರುಗಳಲ್ಲಿ ಇಂಥ ಜಾಗಗಳನ್ನು ಮುಚ್ಚಿಸತೊಡಗಿದರು. ಬಾಲ್ಟಿಮೋರ್‌ನಲ್ಲಿ ಕೆಲವೇ ದಿನದಲ್ಲಿ ಒಂದು ಕಟ್ಟಡದಿಂದ ಕಲಾವಿದರನ್ನು ಹೊರಗೆ ಹಾಕಿದರು. ಅಪಾಯದ ಕಟ್ಟಡ ಮುಚ್ಚಬೇಕು, ಸರಿ. ಆದರೆ ಮುಚ್ಚಿದವರು ಬೇರೆ ಜಾಗ ಕೊಡದಿದ್ದರೆ ಆ ಮಕ್ಕಳು ಇದಕ್ಕಿಂತ ಕಡಿಮೆ ಬಾಡಿಗೆಯ, ಇದಕ್ಕಿಂತ ಕತ್ತಲಿನ ಇನ್ನೊಂದು ಗೋದಾಮಿಗೆ ಹೋಗುತ್ತಾರೆ. ನಮ್ಮ ಹುಡುಗರೂ ಹುಡುಕುತ್ತಿದ್ದರು. ಸೈಜಿಂಗ್ ಕಾರ್ಖಾನೆಯೊಂದರ ಹಿಂದೆ ಒಂದು ಕೋಣೆ ನೋಡಿಟ್ಟಿದ್ದರಂತೆ. ಸೈಜಿಂಗ್ ಅಂದರೆ ನೂಲಿಗೆ ಗಂಜಿ ಕೊಡುವ ಕಾರ್ಖಾನೆ, ಅಲ್ಲಿ ಬಾಯ್ಲರ್ ಇರುತ್ತದೆ. ಅದು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುವಾರ ಜಾಬರನ್ನು ಹುಡುಕಿಕೊಂಡು ಗಡಹಿಂಗ್ಲಜ ಕಡೆಯ ಅವನ ಹಳ್ಳಿಗೆ ಹೋದೆ, ಮಗನನ್ನೂ ಕರೆದುಕೊಂಡು. ನಮ್ಮ ದಾರಿಯೇ ವಿಚಿತ್ರ. ಮಹಾರಾಷ್ಟ್ರದಿಂದ ಹೊರಟು, ನಿಪ್ಪಾಣಿಯಲ್ಲಿ ಕರ್ನಾಟಕದೊಳಗೆ ಹೊಕ್ಕು, ಸಂಕೇಶ್ವರದಲ್ಲಿ ತಿರುಗಿ, ಮತ್ತೆ ಮಹಾರಾಷ್ಟ್ರಕ್ಕೆ ಬರಬೇಕು. ಹಿರಣ್ಯಕೇಶಿ ನದಿಯ ಆ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಬಾಯಿಯಲ್ಲಿ ಇರುತ್ತವೆ. ನಾನು ಬೈಯಲು ಹೋದವನು. ನಿಮ್ಮ ಕೀಲಿಯಿಂದ ನನ್ನ ಮಗನ ಕೈ ಸುಟ್ಟಿತು ಅಂತ ಹೇಳಬೇಕು ಅಂತಿದ್ದೆ.

ಸಂಜೆ ಆಗಿತ್ತು. ಗುಡಿಯ ಎದುರು ನಾಲ್ಕು ಕಂಬದ ಕಟ್ಟೆ, ಮೂರು ಕಡೆ ತೆರೆದದ್ದು. ಅಲ್ಲಿ ಹತ್ತು ಹದಿನೈದು ಜನ ಭಜನೆಗೆ ಕೂತಿದ್ದರು. ಜಾಬರ್ ಹಾರ್ಮೋನಿಯಂ ಹಿಡಿದಿದ್ದ. ಹಾಲಿನ ಕ್ಯಾನು ಹಿಡಿದು ಹೋಗುವವರು ಒಂದು ಕ್ಷಣ ನಿಂತು ಹೋಗುತ್ತಿದ್ದರು. ಮಕ್ಕಳು ಓಡಾಡುತ್ತಿದ್ದರು. ಒಬ್ಬ ಅಜ್ಜ ತಾಳ ತಪ್ಪಿದ ಹುಡುಗನ ಬೆನ್ನಿಗೆ ಒಂದು ಕೊಟ್ಟ, ಎಲ್ಲರೂ ನಕ್ಕರು. ನಾವು ಸ್ವಲ್ಪ ದೂರದಲ್ಲಿ ಬೈಕಿನ ಹತ್ತಿರ ನಿಂತು ಕೇಳಿದೆವು. ಅವರ ದೇವರ ಹಾಡು ಅವರದ್ದು. ನಾನು ನೋಡುತ್ತಿದ್ದದ್ದು ಆ ಕಟ್ಟೆಯನ್ನು. ಅದಕ್ಕೆ ಶಟರ್ ಇರಲಿಲ್ಲ.

ಮುಗಿದ ಮೇಲೆ ಜಾಬರ್ ಬಂದು ಮೊದಲು ಮಗನ ಕೈ ಹಿಡಿದು ತಿರುಗಿಸಿ ನೋಡಿದ. ನಾನು ಹತ್ತು ನಿಮಿಷ ಮಾಡದ ಕೆಲಸ. ಆಮೇಲೆ ನನಗೆ ಕೈ ಮುಗಿದ. "ತಪ್ಪಾತ್ರಿ ಸಾವ್ಕಾರ್ರ. ವೈರಿಂಗ್ ನಾ ನೋಡಬೇಕಿತ್ತು. ಆದ್ರ ಒಂದ್ ಮಾತ್ ಹೇಳ್ತೀನಿ. ಹುಡುಗೂರು ಎಲ್ಲೆರ ಹಾಡೇ ಹಾಡ್ತಾವ್ರಿ. ನಮ್ಮ ಕಣ್ ಮುಂದ ಹಾಡ್ಲಿ ಬಿಡ್ರಿ."

ನಾನು ಬೈಯದೆ, ಚಹಾ ಕುಡಿದು ಬಂದೆ.

ಈಗ ನಮ್ಮವರಿಗೆ ನನ್ನ ನೇರ ಮಾತು. ಮಂಗಳೂರಿನಿಂದ ಹಿಡಿದು ಬಂಟ್ವಾಳ, ಪುತ್ತೂರು, ಉಪ್ಪಿನಂಗಡಿವರೆಗೆ ನಮ್ಮವರು ಕಟ್ಟಿದ ಹಾಲ್‌ಗಳು ಎಷ್ಟಿವೆ! ಕೊಲ್ಲಿಯ ದುಡ್ಡು, ವ್ಯಾಪಾರದ ದುಡ್ಡು ಹಾಕಿ ಮಾರ್ಬಲ್ ಹಾಸಿ ಕಟ್ಟಿದ ಹಾಲ್‌ಗಳು. ಮದುವೆ ಸೀಸನ್ ಬಿಟ್ಟರೆ ವಾರದ ನಡುವಿನ ದಿನಗಳಲ್ಲಿ ಬೀಗ. ತಿಂಗಳಿಗೆ ಒಂದು ಸಂಜೆ, ಮಗ್ರಿಬ್ ಆದ ಮೇಲೆ ಆಗಲಿ, ಇಶಾ ಆದ ಮೇಲೆ ಆಗಲಿ, ಅದನ್ನು ಮಕ್ಕಳಿಗೆ ಬಿಟ್ಟುಕೊಡಿ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕಬಾರದು ಅಂತ 2000ರ ನಿಯಮವೇ ಇದೆ, ಅದಕ್ಕಿಂತ ಮೊದಲೇ ಮುಗಿಯಲಿ. ಎರಡು ಬಾಗಿಲು ತೆರೆದಿರಲಿ. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ನೋಡಿರಲಿ, ಬೆಂಕಿ ನಂದಿಸುವ ಸಿಲಿಂಡರ್ ಗೋಡೆಯಲ್ಲಿರಲಿ, ಅದನ್ನು ಬಳಸಲು ಇಬ್ಬರು ಹುಡುಗರಿಗೆ ಗೊತ್ತಿರಲಿ. ಮುಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಕೂರಲಿ. ಏನು ಹಾಡಬೇಕು, ವಾದ್ಯ ಬೇಕೋ ಬೇಡವೋ, ಅದನ್ನು ಆಯಾ ಊರಿನವರು ಕೂತು ಮಾತಾಡಿಕೊಳ್ಳಲಿ. ಮೈಲಾಂಜಿ ಪಾಟ್ ಗೊತ್ತಿರುವ ಉಮ್ಮಂದಿರು ಎಷ್ಟು ಜನ ಉಳಿದಿದ್ದಾರೆ ಅಂತ ಲೆಕ್ಕ ಹಾಕಿ. ಅವರಿಗೂ, ಹೆಣ್ಣುಮಕ್ಕಳಿಗೂ ಒಂದು ಸಂಜೆ ಬೇರೆಯಾಗಿ ಇರಲಿ. ಖರ್ಚು ಕರೆಂಟ್ ಬಿಲ್ಲಿನಷ್ಟು.

ಸರ್ಕಾರ ಮಾಡಲಿ ಅಂತ ಕಾಯಬೇಡಿ. ಶಾಹು ಮಹಾರಾಜರು ಈಗ ಇಲ್ಲ. ಆ ಹಾಲ್‌ಗಳ ಕಮಿಟಿಯಲ್ಲಿ ಇರುವುದು ನಾವೇ.

ನಾನು ಏನು ಮಾಡಿದೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ನನ್ನ ಗೋದಾಮು ಕೊಡಲು ಆಗುವುದಿಲ್ಲ. ಅದರ ತುಂಬ ಬಟ್ಟೆಯ ತಾಕಾಗಳು, ಮತ್ತೆ ಅದೇ ಬೆಂಕಿಯ ಭಯ. ಮನೆಯ ತಾರಸಿ ಕೊಟ್ಟಿದ್ದೇನೆ. ವಾರಕ್ಕೆ ಒಂದು ಸಂಜೆ, ಒಂಬತ್ತೂವರೆವರೆಗೆ. ಮೊದಲ ವಾರ ಹುಡುಗರು ನನ್ನನ್ನು ಕಂಡು ಬಾಯಿ ಬಿಡಲಿಲ್ಲ. ಎರಡನೇ ವಾರ ರ‍್ಯಾಪ್ ಹುಡುಗ ಒಂದು ಮಾತು ನುಂಗಿಕೊಂಡು ಹಾಡಿದ, ನನಗೆ ಗೊತ್ತಾಯಿತು, ಗೊತ್ತಾಗದ ಹಾಗೆ ಕೂತೆ. ಪಕ್ಕದ ಮನೆಯವರು ಎರಡು ಸಲ ದೂರು ಹೇಳಿದ್ದಾರೆ. ಮೂರನೇ ಸಲ ಅವರ ಮಗಳು ಕೇಳಲು ಬಂದಳು. ಎಲ್ಲ ಹಾಡು ನನಗೆ ಹಿಡಿಸುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಹೆಚ್ಚಿನದು ತಲೆನೋವು ಬರಿಸುತ್ತದೆ. ಆದರೆ ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿದೆ. ಮಗಳ ಸಂಬಂಧ ಕೂಡಿಬರಲಿಲ್ಲ. ಕಾರಣ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗಳು ಮಾತ್ರ ಒಂದು ದಿನ ಅಂದಳು, "ತಮ್ಮ ಹಾಡುತ್ತಾನೆ ಅಂತ ಬಿಟ್ಟುಹೋದವರಾದರೆ ಹೋಗಲಿ ಬಾಪ" ಅಂತ.

ಕಳೆದ ರಜೆಗೆ ಬಂಟ್ವಾಳಕ್ಕೆ ಹೋದಾಗ ಮಗ ಗಿಟಾರ್ ತಂದಿರಲಿಲ್ಲ, ನನ್ನ ಮರ್ಯಾದೆಗೆ. ಬದಲಿಗೆ ಮೊಬೈಲಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ತಂದಿದ್ದ. ಎಂಬತ್ತಮೂರು ವರ್ಷದ ನನ್ನ ಉಮ್ಮನ ಎದುರು ಕೂತು, ಹಳೆಯ ಮೈಲಾಂಜಿ ಪಾಟ್ ಒಂದಾದರೂ ಹೇಳಿ ಅಂತ ಪೀಡಿಸಿದ. ಉಮ್ಮ ಮೊದಲು ನನ್ನ ಮುಖ ನೋಡಿದರು, ಹೇಳಬಹುದಾ ಅನ್ನುವ ಹಾಗೆ. ಎಂಬತ್ತಮೂರು ವರ್ಷದ ಹೆಂಗಸು, ತನ್ನದೇ ಮನೆಯಲ್ಲಿ, ತನ್ನದೇ ಹಾಡಿಗೆ ಮಗನ ಒಪ್ಪಿಗೆ ಕೇಳುತ್ತಿದ್ದರು. ನಾನು ಎದ್ದು ಹೋಗಿ ಎದುರು ಬಾಗಿಲನ್ನು ತೆರೆದಿಟ್ಟು ಬಂದು ಕೂತೆ. ನಾಲ್ಕು ಪಾಟ್ ಹೇಳಿದರು. ಐದನೆಯದರ ಅರ್ಧಕ್ಕೆ ಮರೆತುಹೋಯಿತು.

ಉಳಿದ ಅರ್ಧ ಗೊತ್ತಿರುವವರು ನಿಮ್ಮ ಮನೆಯಲ್ಲಿ ಇರಬಹುದು. ಮುಂದಿನ ರಜೆಗೆ ನಾವು ಮತ್ತೆ ಬರುತ್ತೇವೆ, ಮಗ ಮೈಕ್ ತರುತ್ತಾನೆ. ಊರಿನ ಹಾಲ್‌ನ ಕೀಲಿ ಯಾರ ಹತ್ತಿರ ಇದೆ ಅಂತ ಅಷ್ಟರಲ್ಲಿ ವಿಚಾರಿಸಿಡಿ.